ಶಾಲೆಯಲ್ಲಿ ಊಟ ಸಿಗುತ್ತದೆ, ಆದರೂ ಮಗಳಿಗೆ ರಕ್ತ ಕಡಿಮೆ ಯಾಕೆ?

ಪ್ರಶ್ನೆ: ನಮ್ಮದು ಅಂಕೋಲಾ ತಾಲೂಕಿನ ಒಂದು ಹಳ್ಳಿ. ಮಗಳಿಗೆ 10 ವರ್ಷ, 5ನೇ ತರಗತಿ. ಮಗನಿಗೆ 7, 2ನೇ ತರಗತಿ. ಇಬ್ಬರೂ ಊರಿನ ಸರ್ಕಾರಿ ಶಾಲೆಗೆ ಹೋಗುತ್ತಾರೆ. ನಾನು ಗೇರುಬೀಜದ ಫ್ಯಾಕ್ಟರಿಗೆ ಹೋಗುವವಳು, 8 ಗಂಟೆಗೆ ಮನೆ ಬಿಡಬೇಕು. ಹೇಗೂ ಶಾಲೆಯಲ್ಲಿ ಹಾಲು, ಊಟ ಸಿಗುತ್ತದಲ್ಲ ಅಂತ ಬೆಳಿಗ್ಗೆ ಚಹಾ-ಬಿಸ್ಕಿಟ್ ಕೊಟ್ಟು ಬಿಡುತ್ತೇನೆ. ಮಗ ಮೊಟ್ಟೆ ತಿನ್ನುತ್ತಾನೆ. ಮಗಳಿಗೆ ಮೊಟ್ಟೆಯ ವಾಸನೆ ಆಗುವುದಿಲ್ಲ, ಬಾಳೆಹಣ್ಣು ತೆಗೆದುಕೊಳ್ಳುತ್ತಾಳೆ. ಮೀನು ಇಬ್ಬರೂ ತಿನ್ನುತ್ತಾರೆ. ಮೊನ್ನೆ ತಪಾಸಣೆಯಲ್ಲಿ ಅವಳ ಹಿಮೋಗ್ಲೋಬಿನ್ 10.4 ಬಂತು. ಅಂದಿನಿಂದ ದಾಳಿಂಬೆ, ಬೀಟ್‌ರೂಟ್ ಕೊಡುತ್ತಿದ್ದೇನೆ. ಪಕ್ಕದ ಮನೆಯವರು, ‘ಶಾಲೆಯದ್ದು ಪ್ಲಾಸ್ಟಿಕ್ ಅಕ್ಕಿ, ಅದರಲ್ಲಿ ಏನಿರ್ತದೆ? ಡಬ್ಬಿ ಕಟ್ಟಿ ಕಳಿಸು’ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಡಬ್ಬಿಯ ಮಾತು ಆಮೇಲೆ. ಮೊದಲು ಆ 10.4ರ ವಿಷಯ ಮಾತಾಡೋಣ. ಯಾಕೆಂದರೆ ಅದನ್ನು ಅಡುಗೆಮನೆ ಒಂದರಿಂದಲೇ ಸರಿ ಮಾಡಲು ಹೋಗಬಾರದು.

ಈ ವಯಸ್ಸಿನ ಮಕ್ಕಳಿಗೆ ಹಿಮೋಗ್ಲೋಬಿನ್ 11.5 ಆದರೂ ಇರಬೇಕು. 11ಕ್ಕಿಂತ ಕೆಳಗೆ ಇಳಿದರೆ ಅದು ಮಧ್ಯಮ ಮಟ್ಟದ ರಕ್ತಹೀನತೆ. ನಿಮ್ಮ ಮಗಳು ಅಲ್ಲಿದ್ದಾಳೆ. ಹೆದರುವಷ್ಟು ಅಲ್ಲ, ಆದರೆ ‘ಸೊಪ್ಪು ತಿನ್ನಿಸಿದರೆ ಆಯಿತು’ ಅಂತ ಬಿಡುವಷ್ಟು ಸಣ್ಣದೂ ಅಲ್ಲ. ಶಾಲೆಯಲ್ಲಿ ವಾರಕ್ಕೊಂದು ಗುಲಾಬಿ ಮಾತ್ರೆ ಕೊಡುತ್ತಾರಲ್ಲ, ಅದರಲ್ಲಿ 45 ಮಿಲಿಗ್ರಾಂ ಕಬ್ಬಿಣ ಇದೆ, ಜೊತೆಗೆ ಫೋಲಿಕ್ ಆಮ್ಲ. ಆದರೆ ಅದು ರಕ್ತ ಕಡಿಮೆ ಆಗದ ಹಾಗೆ ತಡೆಯುವ ಮಾತ್ರೆ. ಈಗಾಗಲೇ ಕಡಿಮೆ ಆಗಿರುವ ಮಗುವಿಗೆ ವಾರಕ್ಕೊಂದು ಸಾಲುವುದಿಲ್ಲ, ಕೆಲವು ತಿಂಗಳು ದಿನಾ ಬೇಕಾಗುತ್ತದೆ. ಎಷ್ಟು, ಯಾವುದು ಅನ್ನುವುದನ್ನು ತೂಕ ನೋಡಿ ಡಾಕ್ಟರೇ ಹೇಳಬೇಕು. ಆದ್ದರಿಂದ ಈ ವಾರವೇ ಒಂದು ದಿನ ರಜೆ ಹಾಕಿ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ತಪಾಸಣೆಯ ಚೀಟಿ ಜೊತೆಗಿರಲಿ. ಮನೆಯಲ್ಲಿ ಯಾರಿಗಾದರೂ ಥಲಸೇಮಿಯಾದಂಥ ರಕ್ತದ ಕಾಯಿಲೆ ಇದ್ದರೆ ಅದನ್ನೂ ಹೇಳಿ.

ಶಾಲೆಯ ಮಾತ್ರೆಯನ್ನು ಅವಳು ನಿಜವಾಗಿ ನುಂಗುತ್ತಿದ್ದಾಳಾ? ಮೆಲ್ಲಗೆ ಕೇಳಿ ನೋಡಿ. ಹೊಟ್ಟೆ ತೊಳಸುತ್ತದೆ ಅಂತ ಕೈಯಲ್ಲೇ ಮುಚ್ಚಿಟ್ಟುಕೊಂಡು ಹಿತ್ತಲಲ್ಲಿ ಎಸೆದು ಬಂದ ಮಕ್ಕಳನ್ನು ನಾನು ನೋಡಿದ್ದೇನೆ. ಅದು ಅವರ ತಪ್ಪಲ್ಲ. ಖಾಲಿ ಹೊಟ್ಟೆಯಲ್ಲಿ ಆ ಮಾತ್ರೆ ಖಂಡಿತ ತೊಳಸುತ್ತದೆ. ಊಟ ಆದ ಮೇಲೆ ತೆಗೆದುಕೊಂಡರೆ ತೊಂದರೆ ಕಡಿಮೆ. ಮಲ ಕಪ್ಪಗೆ ಹೋದರೆ ಗಾಬರಿ ಬೇಡ, ಕಬ್ಬಿಣದ ಮಾತ್ರೆಗೆ ಹಾಗೆ ಆಗುತ್ತದೆ.

ಇನ್ನೊಂದು ಪ್ರಶ್ನೆ: ಅವಳು ಬರಿಗಾಲಲ್ಲಿ ಓಡಾಡುತ್ತಾಳಾ? ನಮ್ಮ ಕಡೆಯ ತೇವದ ಮಣ್ಣು, ತೋಟ, ಗದ್ದೆಯಂಚು ಕೊಕ್ಕೆಹುಳಕ್ಕೆ ಹೇಳಿ ಮಾಡಿಸಿದ ಜಾಗ. ಪಾದದ ಚರ್ಮದಿಂದಲೇ ಒಳಗೆ ಹೋಗಿ ಕರುಳಿನಲ್ಲಿ ಕೂತು ರಕ್ತ ಹೀರುತ್ತದೆ. ನೀವು ಎಷ್ಟು ಉಣ್ಣಿಸಿದರೂ ಅದರ ಪಾಲು ಅದು ತೆಗೆದುಕೊಳ್ಳುತ್ತದೆ. ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ ಶಾಲೆಯಲ್ಲಿ ಜಂತುಹುಳದ ಮಾತ್ರೆ ಕೊಡುತ್ತಾರೆ. ಆ ದಿನ ಶಾಲೆ ತಪ್ಪಿದ್ದರೆ ಆರೋಗ್ಯ ಕೇಂದ್ರದಲ್ಲೇ ಕೇಳಿ. ಹಿತ್ತಲಿಗೆ ಹೋಗುವಾಗಲೂ ಕಾಲಿಗೆ ಚಪ್ಪಲಿ ಇರಲಿ.

ಈಗ ಊಟಕ್ಕೆ ಬರೋಣ. ಶಾಲೆಯಲ್ಲಿ ಊಟ ಇದೆ ಅಂದರೆ ದಿನದ ಊಟ ಮುಗಿಯಿತು ಅಂತ ಅಲ್ಲ. ಲೆಕ್ಕ ಹಾಕಿ ತೋರಿಸುತ್ತೇನೆ. ಸ್ವಲ್ಪ ತಾಳ್ಮೆಯಿಂದ ಓದಿ, ಇದರಲ್ಲೇ ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಇದೆ.

1ರಿಂದ 5ನೇ ತರಗತಿಯ ಒಂದು ಮಗುವಿಗೆ ಬಿಸಿಯೂಟದಲ್ಲಿ 100 ಗ್ರಾಂ ಅಕ್ಕಿ ಅಥವಾ ಗೋಧಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ ಅಂತ ಲೆಕ್ಕ. ಎಲ್ಲ ಸೇರಿ 450 ಕ್ಯಾಲರಿ, 12 ಗ್ರಾಂ ಪ್ರೋಟೀನ್. ಬೆಳಿಗ್ಗೆಯ ಕ್ಷೀರಭಾಗ್ಯದ ಹಾಲು 150 ಮಿಲಿಲೀಟರ್, ಅದಕ್ಕೆ 18 ಗ್ರಾಂ ಹಾಲಿನ ಪುಡಿ. ಅದರಿಂದ ಸುಮಾರು 4 ಗ್ರಾಂ ಪ್ರೋಟೀನ್. 2024ರಿಂದ ವಾರದಲ್ಲಿ 3 ದಿನ ರಾಗಿ ಮಾಲ್ಟ್ ಕೂಡ ಇದೆ. ಮೇಲೆ ಮೊಟ್ಟೆ ಅಥವಾ ಬಾಳೆಹಣ್ಣು. ಮೊದಲು ವಾರಕ್ಕೆ 2 ದಿನ ಇದ್ದ ಮೊಟ್ಟೆ 2024ರ ಸೆಪ್ಟೆಂಬರ್‌ನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ 6 ದಿನ ಆಯಿತು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್. ಬಾಳೆಹಣ್ಣಿನಲ್ಲಿ 1 ಗ್ರಾಂ.

ನಿಮ್ಮ ಮಗನಿಗೆ, 7 ವರ್ಷಕ್ಕೆ, ದಿನಕ್ಕೆ ಬೇಕಾದ ಪ್ರೋಟೀನ್ 23 ಗ್ರಾಂ. ಮೊಟ್ಟೆ ತಿಂದು, ಹಾಲು ಕುಡಿದು, ಸಾಂಬಾರಿನ ಬೇಳೆ ಬಿಡದೆ ಉಂಡರೆ ಹತ್ತಿರ ಹತ್ತಿರ ಅಷ್ಟೂ ಶಾಲೆಯಲ್ಲೇ ಸಿಕ್ಕಿಬಿಡುತ್ತದೆ. ಅವನ ಬಗ್ಗೆ ನನಗೆ ಆ ಚಿಂತೆ ಇಲ್ಲ.

ಮಗಳ ಕಥೆ ಬೇರೆ. 10 ದಾಟುತ್ತಿದ್ದಂತೆ ಹೆಣ್ಣುಮಕ್ಕಳ ಮೈ ಬೆಳೆಯುವ ವೇಗವೇ ಬದಲಾಗುತ್ತದೆ. ಅವಳಿಗೆ ದಿನಕ್ಕೆ 2,060 ಕ್ಯಾಲರಿ ಬೇಕು, ಪ್ರೋಟೀನ್ 33 ಗ್ರಾಂ. ಕಬ್ಬಿಣ ನೋಡಿ: 9 ವರ್ಷದವರೆಗೆ 15 ಮಿಲಿಗ್ರಾಂ ಸಾಕಾಗಿತ್ತು, 10ರಿಂದ ಒಮ್ಮೆಲೇ 28. ಆದರೆ ಶಾಲೆಯ ಅಳತೆ ತರಗತಿಯ ಮೇಲೆ ನಿಂತಿದೆ. 5ನೇ ತರಗತಿಯ ಹುಡುಗಿಗೂ 1ನೇ ತರಗತಿಯ ಮಗುವಿಗೂ ಒಂದೇ 100 ಗ್ರಾಂ. ಮುಂದಿನ ವರ್ಷ 6ಕ್ಕೆ ಹೋದಾಗ ಅದು 150 ಗ್ರಾಂ ಆಗುತ್ತದೆ, ಬೇಳೆ 30, ತರಕಾರಿ 75. ಅಲ್ಲಿಯವರೆಗೆ ಈ ಒಂದು ವರ್ಷ ಅವಳ ಮೈ ಮುಂದೆ ಓಡುತ್ತಿದೆ, ತಟ್ಟೆ ಹಿಂದೆ ಉಳಿದಿದೆ. ಮೊಟ್ಟೆ ಬೇರೆ ಇಲ್ಲ.

ಊಟ, ಹಾಲು, ಬಾಳೆಹಣ್ಣು ಕೂಡಿಸಿದರೆ ಶಾಲೆಯಿಂದ ಅವಳಿಗೆ ಸಿಗುವುದು ಸುಮಾರು 650 ಕ್ಯಾಲರಿ. ಇನ್ನೂ 1,400 ಮನೆಯಿಂದ ಬರಬೇಕು. ಬೆಳಿಗ್ಗೆ ಚಹಾ-ಬಿಸ್ಕಿಟ್ ಆದರೆ ರಾತ್ರಿಯ ಒಂದೇ ಊಟದಲ್ಲಿ ಅಷ್ಟು ಹೋಗುವುದು ಹೇಗೆ? ಸಾಧ್ಯವೇ ಇಲ್ಲ, ಅಲ್ವಾ? ಹಾಗಾಗಿ ತೊಂದರೆ ಇರುವುದು ಮಧ್ಯಾಹ್ನದ ತಟ್ಟೆಯಲ್ಲಿ ಅಲ್ಲ. ಬೆಳಿಗ್ಗೆಯಲ್ಲಿ ಮತ್ತು ಶಾಲೆ ಬಿಟ್ಟು ಬಂದ ಹೊತ್ತಿನಲ್ಲಿ.

ಬೆಳಗಿನ ಚಹಾವನ್ನು ಮಗಳಿಗೆ ಇವತ್ತಿನಿಂದಲೇ ನಿಲ್ಲಿಸಿ. ಚಹಾದ ಒಗರು ಇದೆಯಲ್ಲ, ಅದು ಊಟದ ಕಬ್ಬಿಣವನ್ನು ಹಿಡಿದು ಮೈಗೆ ಸೇರದಂತೆ ಮಾಡುತ್ತದೆ. ಹೊಟ್ಟೆ ತುಂಬಿದ ಹಾಗೆ ಮಾಡಿ ಹಸಿವನ್ನೂ ಕೊಲ್ಲುತ್ತದೆ. ನಮ್ಮ ಜಿಲ್ಲೆಯಲ್ಲಿ ಮೂರು ವರ್ಷದ ಮಗುವಿಗೂ ತಟ್ಟೆಯಲ್ಲಿ ಆರಿಸಿ ಚಹಾ ಕುಡಿಸುವ ರೂಢಿ ಇದೆ. ಪ್ರೀತಿಯಿಂದಲೇ ಕೊಡುತ್ತಾರೆ. ಆದರೆ ರಕ್ತ ಕಡಿಮೆ ಇರುವ ಮಗುವಿಗೆ ಅದು ಬೇಡವೇ ಬೇಡ.

ನಿಮಗೆ ಬೆಳಿಗ್ಗೆ ಸಮಯ ಇಲ್ಲ, ಗೊತ್ತು. ಆದ್ದರಿಂದ ಹೊಸದಾಗಿ ಏನೂ ಮಾಡಲು ಹೇಳುವುದಿಲ್ಲ. ಕುಚಲಕ್ಕಿ ಗಂಜಿ ನಿಮ್ಮ ಮನೆಯಲ್ಲಿ ಹೇಗೂ ಇರುತ್ತದೆ. ಕುಕ್ಕರಿಗೆ ಅಕ್ಕಿ ಹಾಕುವಾಗ ಎರಡು ಮುಷ್ಟಿ ಹೆಸರುಕಾಳನ್ನೂ ಹಾಕಿಬಿಡಿ. ಬೆಳಿಗ್ಗೆ ಚೆನ್ನಾಗಿ ಕುದಿ ಬರುವಂತೆ ಬಿಸಿ ಮಾಡಿ, ಒಂದು ಚಮಚ ತುಪ್ಪವೋ ತೆಂಗಿನಕಾಯಿ ಚಟ್ನಿಯೋ ಜೊತೆಗೆ ಕೊಡಿ. ಗಂಜಿ ತಿಳಿ ನೀರಾಗದೆ ಗಟ್ಟಿಯಾಗಿರಲಿ, ಕಾಳು ಕಾಣಬೇಕು. ಬರೀ ತಿಳಿ ಕುಡಿದು ಹೋದ ಮಗುವಿಗೆ 11 ಗಂಟೆಗೆ ಮತ್ತೆ ಹಸಿವು. ದೋಸೆ ಹಿಟ್ಟು ಇದ್ದ ದಿನ ದೋಸೆ. ಅವಳಿಗೆ ಗಂಜಿ ಬೇಜಾರಾದರೆ ಅವಲಕ್ಕಿಗೆ ಕಾಯಿತುರಿ, ಬೆಲ್ಲ, ಒಂದು ಮುಷ್ಟಿ ಹುರಿದ ಶೇಂಗಾ ಕಲಸಿಟ್ಟು ಹೋಗಿ. 10 ವರ್ಷದ ಹುಡುಗಿ ತಮ್ಮನಿಗೂ ಹಾಕಿಕೊಟ್ಟು ತಾನೂ ತಿನ್ನಬಲ್ಲಳು. ಐದು ನಿಮಿಷದ ಕೆಲಸ.

ಸಂಜೆಯದ್ದೇ ನನಗೆ ಜಾಸ್ತಿ ಚಿಂತೆ. ಮಕ್ಕಳು ಮನೆಗೆ ಬರುವಾಗ ನೀವು ಫ್ಯಾಕ್ಟರಿಯಿಂದ ಬಂದಿರುವುದಿಲ್ಲ. ದಿನದ ಅತಿ ದೊಡ್ಡ ಹಸಿವು ಅದು. ಆ ಹೊತ್ತಿಗೆ ದಾರಿಯ ಅಂಗಡಿಯ 10 ರೂಪಾಯಿ ಪ್ಯಾಕೆಟ್ ಹೊಟ್ಟೆಗೆ ಹೋದರೆ ರಾತ್ರಿ ಊಟಕ್ಕೆ ‘ಹಸಿವಿಲ್ಲ’ ಅನ್ನುತ್ತಾರೆ. ನೀವು ಮಾಡಿದ ಮೀನುಸಾರು ಹಾಗೇ ಉಳಿಯುತ್ತದೆ. ಆ ಹೊತ್ತಿಗೆ ಕೈಗೆ ಸಿಗುವ ಹಾಗೆ ಒಂದು ಡಬ್ಬ ಇಡಿ. ಶಾಲೆಗೆ ಕಟ್ಟಬೇಕೆಂದಿದ್ದ ಡಬ್ಬಿ ಇದೇ ಅಂದುಕೊಳ್ಳಿ! ಒಂದು ದಿನ ಹುರಿದ ಶೇಂಗಾ, ಬೆಲ್ಲ. ಒಂದು ದಿನ ಬೇಯಿಸಿ ಒಗ್ಗರಣೆ ಹಾಕಿದ ಕಡಲೆ ಉಸಳಿ. ಗೆಣಸು ಬೇಯಿಸಿಟ್ಟರೂ ಆಯಿತು. ಮಳೆಗಾಲಕ್ಕೆ ಕೂಡಿಟ್ಟ ಹಲಸಿನ ಬೀಜ ಇದ್ದರೆ ಅದನ್ನು ಉಪ್ಪು ಹಾಕಿ ಬೇಯಿಸಿ. ರಾಗಿ ಮಣ್ಣಿ ಮಾಡಿ ತಟ್ಟೆಗೆ ಹೊಯ್ದಿಟ್ಟರೆ ಮಕ್ಕಳು ಅದನ್ನು ಸಿಹಿತಿಂಡಿ ಅಂತಲೇ ತಿನ್ನುತ್ತಾರೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಇವಳಿಗೆ ದಿನಕ್ಕೆ ಬೇಕಾದದ್ದು 850. ಒಂದು ಮುಷ್ಟಿ ಶೇಂಗಾ, ಅಂದರೆ 30 ಗ್ರಾಂ ತಿಂದರೆ 7 ಗ್ರಾಂ ಪ್ರೋಟೀನ್. ಶಾಲೆಯಲ್ಲಿ ಬಿಟ್ಟ ಮೊಟ್ಟೆಯ ಪ್ರೋಟೀನ್ ಅಲ್ಲಿಗೆ ಬಂತು.

ದಾಳಿಂಬೆ, ಬೀಟ್‌ರೂಟ್ ವಿಷಯ. ಇದನ್ನು ಹೇಳಲು ನನಗೆ ನೋವಾಗುತ್ತದೆ, ಯಾಕೆಂದರೆ ದಿನಗೂಲಿಯಲ್ಲಿ ದುಡಿದ ಹಣದಲ್ಲಿ ತಾಯಂದಿರು ದಾಳಿಂಬೆ ತರುತ್ತಾರೆ. ಕೆಂಪಗೆ ಇದ್ದ ಮಾತ್ರಕ್ಕೆ ರಕ್ತ ಆಗುವುದಿಲ್ಲ. 100 ಗ್ರಾಂ ಬೀಟ್‌ರೂಟ್‌ನಲ್ಲಾಗಲಿ ದಾಳಿಂಬೆಯಲ್ಲಾಗಲಿ 1 ಮಿಲಿಗ್ರಾಂ ಕಬ್ಬಿಣವೂ ಇಲ್ಲ. ಬೆಲ್ಲದ್ದೂ ಹೀಗೇ. ಸಕ್ಕರೆಗಿಂತ ಒಳ್ಳೆಯದು, ಆದರೆ ಒಂದು ಚಮಚ ಬೆಲ್ಲದಿಂದ ಬರುವ ಕಬ್ಬಿಣ ಅರ್ಧ ಮಿಲಿಗ್ರಾಂ ಅಷ್ಟೇ. ಆ ದಾಳಿಂಬೆಯ ಹಣದಲ್ಲಿ ಒಂದು ಕಿಲೋ ಹುರುಳಿ ತನ್ನಿ. ಹುರುಳಿಯಲ್ಲಿ 100 ಗ್ರಾಂಗೆ 8 ಮಿಲಿಗ್ರಾಂಗೂ ಹೆಚ್ಚು ಕಬ್ಬಿಣ ಇದೆ, ಪ್ರೋಟೀನ್ 20 ಗ್ರಾಂಗೂ ಮೇಲೆ. ಆದರೆ ಹುರುಳಿ ಸಾರು ಮಾಡುವಾಗ ಕಟ್ಟು ಮಾತ್ರ ಬಡಿಸಿ ಕಾಳನ್ನು ದನಕ್ಕೆ ಹಾಕಬೇಡಿ. ಒಂದು ಸೌಟು ಬೆಂದ ಕಾಳನ್ನು ರುಬ್ಬಿ ಸಾರಿಗೇ ಸೇರಿಸಿ. ಸಾರು ಮಂದ ಆಗುತ್ತದೆ, ರುಚಿಯೂ ಹೆಚ್ಚು. ಹಿತ್ತಲಿನ ಹರಿವೆ, ನುಗ್ಗೆ ಸೊಪ್ಪು ಇದ್ದೇ ಇದೆ, ಅದಕ್ಕೆ ದುಡ್ಡೂ ಇಲ್ಲ.

ಕಾಳು-ಸೊಪ್ಪಿನ ಕಬ್ಬಿಣ ಸುಲಭವಾಗಿ ಮೈಗೆ ಹತ್ತುವುದಿಲ್ಲ. ಅದಕ್ಕೆ ಜೊತೆ ಬೇಕು. ಲಿಂಬೆರಸ, ಪೇರಲೆಹಣ್ಣು, ನೆಲ್ಲಿಕಾಯಿ, ಈ ಹುಳಿಗಳಲ್ಲಿರುವ ಸಿ ವಿಟಮಿನ್ ಆ ಕೆಲಸ ಮಾಡುತ್ತದೆ. ಅರ್ಧ ಲಿಂಬೆ ಹಿಂಡಿದರೂ ಸಾಕು. ಇನ್ನೊಂದು ಜೊತೆ ಮೀನು. ಮೀನು ತಿಂದ ಊಟದಲ್ಲಿ ಕಾಳು-ಸೊಪ್ಪಿನ ಕಬ್ಬಿಣವೂ ಚೆನ್ನಾಗಿ ಹತ್ತುತ್ತದೆ. ಹಾಗಾಗಿ ಹುರುಳಿ ಒಂದು ದಿನ, ಮೀನು ಇನ್ನೊಂದು ದಿನ ಅಂತ ಮಾಡದೆ ಎರಡನ್ನೂ ಒಂದೇ ಊಟದಲ್ಲಿ ಬಡಿಸಿ ನೋಡಿ. ದುಬಾರಿ ಇಸ್ವಾಣವೇ ಆಗಬೇಕೆಂದಿಲ್ಲ. ತಾರ್ಲೆ, ಬಂಗಡೆ ಸಾಕು. ಸಣ್ಣ ತಾರ್ಲೆಯನ್ನು ಮುಳ್ಳು ಮೆತ್ತಗಾಗುವ ಹಾಗೆ ಬೇಯಿಸಿದರೆ ಆ ಮುಳ್ಳಿನ ಕ್ಯಾಲ್ಸಿಯಂ ಕೂಡ ಸಿಗುತ್ತದೆ. ಮೊಟ್ಟೆಯಿಂದ ಸಿಗಬೇಕಿದ್ದ ಬಿ12 ವಿಟಮಿನ್ ಕೂಡ ಮೀನಿನಲ್ಲಿದೆ. ಅಘನಾಶಿನಿ ನದಿ ಕಡೆಯ ಬಳಚು, ಅಂದರೆ ಚಿಪ್ಪಿನ ಮೀನು, ನಿಮ್ಮ ಪೇಟೆಗೆ ಬಂದರೆ ಬಿಡಬೇಡಿ. ಕಬ್ಬಿಣ, ಬಿ12 ಎರಡರಲ್ಲೂ ಅದು ಉಳಿದ ಮೀನಿಗಿಂತ ಮುಂದೆ.

ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಶಾಲೆ ಶುರುವಾಗುವುದೂ ಅದೇ ಸಮಯಕ್ಕೆ. ಆಗ ಮೀನಿನ ಬೆಲೆ ಏರಿ ತಟ್ಟೆಯಿಂದ ಮೀನು ಮಾಯ ಆಗುತ್ತದೆ. ಆ ಎರಡು ತಿಂಗಳು ಒಣ ಮೀನು, ಒಣ ಸಿಗಡಿ ಚಟ್ನಿ ಬಳಸಿ. ಉಪ್ಪು ಹೋಗುವಂತೆ ನೀರಿನಲ್ಲಿ ನೆನೆಸಿ ತೊಳೆದು ಹುರಿಯಿರಿ.

ಇದನ್ನು ಓದುವ ಶಿರಸಿ, ಸಿದ್ದಾಪುರ ಕಡೆಯ ಸಸ್ಯಾಹಾರಿ ಮನೆಗಳಿಗೂ ಒಂದು ಮಾತು. ನಿಮ್ಮ ಮಕ್ಕಳು ಮೊಟ್ಟೆ, ಮೀನು ಎರಡನ್ನೂ ತಿನ್ನುವುದಿಲ್ಲ. ಸೊಪ್ಪು, ಕಾಳುಗಳಲ್ಲಿ ಬಿ12 ಇಲ್ಲ. ಹಾಲು, ಮೊಸರಿನಲ್ಲಿ ಇದೆ. ಮನೆಯಲ್ಲಿ ಹಸು ಇದ್ದೂ ಹಾಲನ್ನೆಲ್ಲ ಡೇರಿಗೆ ಹಾಕಿ ಮಕ್ಕಳಿಗೆ ತೆಳು ಮಜ್ಜಿಗೆ ಬಡಿಸುವ ಮನೆಗಳಿವೆ. ದಯವಿಟ್ಟು ಮಗುವಿನ ಪಾಲಿನ ಮೊಸರನ್ನು ಮೊದಲು ಎತ್ತಿಡಿ. ಒಂದೆಲಗದ ತಂಬುಳಿ ಮಾಡುವಾಗ ಮಜ್ಜಿಗೆ ಬದಲು ಗಟ್ಟಿ ಮೊಸರು ಹಾಕಿ.

ಪ್ಲಾಸ್ಟಿಕ್ ಅಕ್ಕಿ ಅನ್ನುವುದು ಸುಳ್ಳು. ಇದನ್ನು ಸ್ಪಷ್ಟವಾಗಿ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಶಾಲೆಗೂ ರೇಷನ್ ಅಂಗಡಿಗೂ ಸಾರವರ್ಧಿತ ಅಕ್ಕಿ ಬರಲು ಶುರುವಾಯಿತು. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ, ಅದನ್ನು ಮತ್ತೆ ಅಕ್ಕಿಕಾಳಿನ ಆಕಾರಕ್ಕೆ ಒತ್ತಿ, 100 ಕಿಲೋ ಅಕ್ಕಿಗೆ 1 ಕಿಲೋದಂತೆ ಬೆರೆಸುತ್ತಾರೆ. ಬಣ್ಣ ಸ್ವಲ್ಪ ಬೇರೆ ಇರುತ್ತದೆ, ನೀರಿಗೆ ಹಾಕಿದಾಗ ಕೆಲವು ತೇಲುತ್ತವೆ. ಅದನ್ನೇ ನೋಡಿ ಜನ ಪ್ಲಾಸ್ಟಿಕ್ ಅಂದುಕೊಂಡರು. ಮೊರದಲ್ಲಿ ಕೇರಿ, ಆ ಕಾಳುಗಳನ್ನೇ ಆರಿಸಿ ಎಸೆಯುವವರಿದ್ದಾರೆ. ನಿಮ್ಮ ಮಗಳಿಗೆ ಬೇಕಾದದ್ದು ಇರುವುದೇ ಆ ಕಾಳಿನಲ್ಲಿ! ಮನೆಯ ರೇಷನ್ ಅಕ್ಕಿಯಲ್ಲಿ ಅಂಥ ಕಾಳು ಕಂಡರೂ ಆರಿಸಬೇಡಿ.

ಹಾಗಾದರೆ ಡಬ್ಬಿ? ಬೇಡ ಅನ್ನುತ್ತೇನೆ. 7 ಗಂಟೆಗೆ ಕಟ್ಟಿದ ಅನ್ನ ಮಧ್ಯಾಹ್ನಕ್ಕೆ ತಣ್ಣಗಾಗಿ ಗಟ್ಟಿಯಾಗಿರುತ್ತದೆ. ಅವಸರದಲ್ಲಿ ಕಟ್ಟುವುದು ಚಿತ್ರಾನ್ನವೋ ಉಪ್ಪಿನಕಾಯಿ ಅನ್ನವೋ ಆಗಿರುತ್ತದೆ, ಅದರಲ್ಲಿ ಬೇಳೆ ಇರುವುದಿಲ್ಲ, ತರಕಾರಿಯೂ ಇರುವುದಿಲ್ಲ. ಶಾಲೆಯಲ್ಲಿ ಬಿಸಿ ಅನ್ನ, ಬೇಳೆ ಹಾಕಿದ ಸಾಂಬಾರ್ ಇದೆ. ಎಲ್ಲ ಮಕ್ಕಳೂ ಒಂದೇ ಸಾಲಿನಲ್ಲಿ ಕೂತು ಒಂದೇ ಅಡುಗೆ ಉಣ್ಣುತ್ತಾರೆ. ಮನೆಯಲ್ಲಿ ಬದನೆಕಾಯಿ ಮುಟ್ಟದ ಮಗು ಗೆಳತಿ ತಿನ್ನುವುದನ್ನು ನೋಡಿ ತಾನೂ ತಿನ್ನುತ್ತದೆ. 2003ರಲ್ಲಿ ನಮ್ಮ ಕಡೆಯ ಶಾಲೆಗಳಿಗೆ ಅಕ್ಷರ ದಾಸೋಹ ಬರುವ ಮೊದಲು, ಮಧ್ಯಾಹ್ನ ನೀರು ಕುಡಿದು ಕೂತಿರುತ್ತಿದ್ದ ಮಕ್ಕಳನ್ನು ನೋಡಿದವರಿಗೆ ಆ ಸಾಲಿನ ಬೆಲೆ ಗೊತ್ತು.

ಆದರೆ ಅವಳು ಅಲ್ಲಿ ಎಷ್ಟು ಉಣ್ಣುತ್ತಾಳೆ ಅನ್ನುವುದು ನಿಮಗೆ ಗೊತ್ತಿರಬೇಕು. ‘ಊಟ ಮಾಡಿದ್ಯಾ?’ ಅಂದರೆ ‘ಹೂಂ’ ಅನ್ನುತ್ತಾಳೆ, ಅಷ್ಟೇ. ‘ಇವತ್ತು ಸಾಂಬಾರಿಗೆ ಏನು ಹಾಕಿದ್ದರು? ಎರಡನೇ ಸಲ ಹಾಕಿಸಿಕೊಂಡ್ಯಾ?’ ಅಂತ ಕೇಳಿ. ಒಂದು ಶಾಲೆಯಲ್ಲಿ ಊಟದ ಹೊತ್ತಿಗೆ ಕೂತು ನೋಡಿದ್ದೆ. ಸಣ್ಣ ಮಕ್ಕಳು ಧೈರ್ಯವಾಗಿ ‘ಅಕ್ಕೋರೇ, ಇನ್ನೂ ಸ್ವಲ್ಪ’ ಅಂತ ತಟ್ಟೆ ಹಿಡಿಯುತ್ತಿದ್ದರು. 5ನೇ ತರಗತಿಯ ಹುಡುಗಿಯರು ಹಿಡಿಯಲಿಲ್ಲ. ಜಾಸ್ತಿ ಉಂಡರೆ ಯಾರಾದರೂ ನಗುತ್ತಾರೆ ಅನ್ನುವ ನಾಚಿಕೆ ಆ ವಯಸ್ಸಿಗೆ ಶುರುವಾಗಿಬಿಟ್ಟಿರುತ್ತದೆ. ಯಾರಿಗೆ ಹೆಚ್ಚು ಬೇಕೋ ಅವರೇ ಕಡಿಮೆ ಉಂಡು ಎದ್ದರು. ತಟ್ಟೆಯ ಅಂಚಿನಲ್ಲಿ ಹುರುಳಿಕಾಯಿ, ಮೊಗೆಕಾಯಿ ತುಂಡುಗಳ ಸಣ್ಣ ಗುಡ್ಡೆ. ಮಗಳಿಗೆ ಹೇಳಿ, ಇನ್ನೊಂದು ಸೌಟು ಕೇಳುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ ಅಂತ. ಅವಳ ಕ್ಲಾಸಿನ ಅಕ್ಕೋರ ಕಿವಿಗೂ ಹಾಕಿ. ಶಾಲೆಯಲ್ಲಿ ಬಿಡುವ ತರಕಾರಿಯನ್ನು ಮನೆಯಲ್ಲಿ ಪಲ್ಯ ಮಾಡಿ ಅಭ್ಯಾಸ ಮಾಡಿಸಿ. ಮಗನಿಗೂ ಇದೇ. ಅವನು ಬೇಳೆ ಬಿಟ್ಟು ಬರೀ ತಿಳಿ ಕಲಸಿಕೊಂಡು ಉಣ್ಣುತ್ತಿದ್ದರೆ ನಾನು ಮೇಲೆ ಹೇಳಿದ ಲೆಕ್ಕ ಅವನಿಗೂ ತಪ್ಪುತ್ತದೆ.

ಸಾಂಬಾರು ನೀರಾಗಿದೆ, ಅಡುಗೆ ಸರಿಯಿಲ್ಲ ಅನ್ನುವ ಅನುಮಾನ ಇದ್ದರೆ ಮನೆಯಲ್ಲಿ ಕೂತು ಬೈಯಬೇಡಿ. ಒಂದು ಮಧ್ಯಾಹ್ನ ಹೋಗಿ ನೋಡಿ. ಬಡಿಸುವ ಮೊದಲು ಶಿಕ್ಷಕರು, ಪೋಷಕರು ರುಚಿ ನೋಡಬೇಕು ಅನ್ನುವುದು ಯೋಜನೆಯಲ್ಲೇ ಇರುವ ನಿಯಮ. ಶಾಲೆಯ ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿಯಲ್ಲಿ ಕೇಳುವ ಹಕ್ಕು ನಿಮಗಿದೆ. ಅಡುಗೆಯವರನ್ನು ಮಾತ್ರ ಗದರಿಸಬೇಡಿ. ಕಡಿಮೆ ಸಂಬಳಕ್ಕೆ ಹೊಗೆ, ಬಿಸಿಯಲ್ಲಿ ನಿಲ್ಲುವವರು ಅವರು, ಬಹುಶಃ ನಿಮ್ಮ ಕೇರಿಯವರೇ. ಹಿತ್ತಲಲ್ಲಿ ಹರಿವೆ, ನುಗ್ಗೆ, ಬಸಳೆ ಜಾಸ್ತಿ ಬಂದ ದಿನ ಒಂದು ಕಟ್ಟನ್ನು ಮಗಳ ಕೈಯಲ್ಲಿ ಶಾಲೆಯ ಅಡುಗೆಮನೆಗೆ ಕಳಿಸಿ. ನಾಲ್ಕು ಮನೆಯವರು ಹೀಗೆ ಮಾಡಿದರೆ ವಾರಕ್ಕೆರಡು ದಿನ ಸಾಂಬಾರಿಗೆ ಸೊಪ್ಪು ಬೀಳುತ್ತದೆ.

ರಾತ್ರಿ ಊಟಕ್ಕೆ ಬೇರೆ ಪಟ್ಟಿ ಕೊಡುವುದಿಲ್ಲ. ಮಧ್ಯಾಹ್ನ ತಿಂದದ್ದೇ ರಾತ್ರಿಯೂ ಬೇಡ, ಅಷ್ಟು ನೋಡಿಕೊಳ್ಳಿ. ಅಲ್ಲಿ ತೊಗರಿ ಬೇಳೆ ಆಗಿದ್ದರೆ ಇಲ್ಲಿ ಹುರುಳಿ, ಅಳಸಂದೆ ಅಥವಾ ಮೀನು. ಭಾನುವಾರ ಮತ್ತು ರಜೆಯಲ್ಲಿ ಮಧ್ಯಾಹ್ನದ ಪಾಲೂ ನಿಮ್ಮದೇ ಅನ್ನುವುದು ನೆನಪಿರಲಿ. ಏಪ್ರಿಲ್-ಮೇ ತಿಂಗಳಲ್ಲಿ ಮಾವು, ಹಲಸು ತಿಂದು ಊಟ ಬಿಡುವ ಮಕ್ಕಳು ಬಹಳ.

ಮೊಟ್ಟೆಯನ್ನು ಕೈಬಿಟ್ಟೇಬಿಡಬೇಡಿ. ಬೇಯಿಸಿದ ಮೊಟ್ಟೆಯ ವಾಸನೆ ಆಗದ ಎಷ್ಟೋ ಮಕ್ಕಳು ದೋಸೆಯ ಮೇಲೆ ಒಡೆದು ಹಾಕಿ, ಈರುಳ್ಳಿ, ಮೆಣಸಿನಪುಡಿ ಉದುರಿಸಿ ಕೊಟ್ಟರೆ ತಿನ್ನುತ್ತಾರೆ. ಭಾನುವಾರ ಒಂದು ಸಲ ಮಾಡಿ ನೋಡಿ. ಬೇಡ ಅಂದರೆ ಒತ್ತಾಯ ಬೇಡ, ಒಂದು ತಿಂಗಳು ಬಿಟ್ಟು ಮತ್ತೆ.

ಡಾಕ್ಟರು ಮಾತ್ರೆ ಬರೆದುಕೊಟ್ಟರೆ ಅದನ್ನು ಹಾಲಿನ ಜೊತೆ ಕೊಡಬೇಡಿ, ಹಾಲೂ ಕಬ್ಬಿಣವನ್ನು ತಡೆಯುತ್ತದೆ. ರಾತ್ರಿ ಊಟ ಆದ ಮೇಲೆ ಲಿಂಬೆ ಶರಬತ್ತಿನ ಜೊತೆ ಕೊಡಿ. ಅವಳು ನುಂಗುವವರೆಗೆ ಎದುರಿಗೆ ನಿಲ್ಲಿ. ಮತ್ತೆ ಯಾವಾಗ ರಕ್ತ ಪರೀಕ್ಷೆ ಮಾಡಿಸಬೇಕು ಅಂತ ಅವರನ್ನೇ ಕೇಳಿ, ಆ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಆ ದಿನದ ಚೀಟಿಯಲ್ಲಿ ಎಷ್ಟು ಬಂತು ಅಂತ ನನಗೂ ಬರೆದು ತಿಳಿಸಿ.